ಫ್ಲಾರೆನ್ಸ್ ಪಟ್ಟಣದಲ್ಲಿ ಮೂರು ದಿನ

ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣವನ್ನು ನೋಡಬೇಕೆಂಬ ಆಸೆಯು ನಮಗೆ ಕಾಲೇಜಿನ ದಿನಗಳಿಂದಲೂ ಇದ್ದಿತು. ಅದು ಕೈಗೂಡಿದುದು ತಲೆಗೂದಲು ನರೆತ ಮೇಲೆ. ನಮ್ಮ ಮಗನು ಉದ್ಯೋಗದ ನಿಮಿತ್ತವಾಗಿ ಜರ್ಮನಿಯ ಮ್ಯೂನಿಕ್ ಪಟ್ಟಣದಲ್ಲಿರುತ್ತಾನೆ. ಅವನಲ್ಲಿ ಎರಡು ತಿಂಗಳು ಇದ್ದು ಬರುವುದಕ್ಕೆಂದು ಧಾರವಾಡದಿಂದ ಹೊರಟ ನಾವು ದಂಪತಿಗಳು, ಮೂರು ದಿನಗಳ ಮಟ್ಟಿಗೆ ಮ್ಯೂನಿಕ್ಕಿನಿಂದ ರೈಲು ಹಿಡಿದು, ಬ್ರೆನ್ನರ್ ಕಣಿವೆಯ ಮಾರ್ಗವಾಗಿ ಆಲ್ಪ್ಸ್ ಪರ್ವತಗಳನ್ನು ದಾಟಿ, ಬೊಲೊನ್ಯಾದಲ್ಲಿ ಗಾಡಿ ಬದಲಿಸಿ ಫ್ಲಾರೆನ್ಸನ್ನು ಸೇರಿದೆವು. ಮಗನು ಮ್ಯೂನಿಕ್ಕಿನಲ್ಲಿಯೇ ಸ್ವಂತ ಮನೆಯನ್ನು ಕೊಂಡಿರುವನೆಂಬ ಸಂಗತಿಯು ನಾವು ಹೊರಡುವುದರ ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ತಿಳಿದಿತ್ತು. ಆ ವಿಷಯವಾಗಿ ನಮ್ಮ ಮನೆಯವರು ದಾರಿಯುದ್ದಕ್ಕೂ ಏನೂ ಆಡಲಿಲ್ಲ, ನಾವೂ ಕೇಳಲಿಲ್ಲ.

ಸ್ವಲ್ಪ ದಿನಗಳ ಪ್ರವಾಸಕ್ಕೆ ಹೊರಡುವ ಗಂಡಸರಿಗೆ ಒಂದು ರೋಗವುಂಟು. ಅದು ಪಟ್ಟಿ ಮಾಡುವ ರೋಗ. ನಮ್ಮ ಪಟ್ಟಿಯಲ್ಲಿ ಇಪ್ಪತ್ತೆರಡು ಸ್ಥಳಗಳಿದ್ದುವು; ಒಂದೊಂದಕ್ಕೂ ವೇಳೆಯನ್ನು ಗೊತ್ತುಮಾಡಿ ಬರೆದುಕೊಂಡಿದ್ದೆವು. ಮೊಣಕಾಲು ನೋವಿನವರಾದ ನಮ್ಮ ಮನೆಯವರು ಅದನ್ನು ಒಮ್ಮೆ ಓದಿ, ಮಡಚಿ, ನಮ್ಮ ಕೈಗೇ ಹಿಂದಕ್ಕೆ ಕೊಟ್ಟರು. ನಿಜ ಹೇಳುವುದಾದರೆ ಫ್ಲಾರೆನ್ಸಿನ ಹಳೆಯ ಊರು ದೊಡ್ಡದಲ್ಲ. ಆರ್ನೋ ನದಿಯ ಎರಡು ದಡಗಳಲ್ಲಿ ಹಬ್ಬಿರುವ ಅದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಅರ್ಧ ಗಂಟೆಯಲ್ಲಿ ನಡೆದು ದಾಟಬಹುದು. ಆದರೆ ಬೀದಿಗಳಿಗೆಲ್ಲ ಕಲ್ಲುಚಪ್ಪಡಿ ಹಾಸಿರುವುದರಿಂದ ನೋಯುವ ಕಾಲಿಗೆ ಆ ಅರ್ಧ ಗಂಟೆಯೇ ಬಹಳವಾಗುವುದು.

ಸೋಮವಾರ ಬೆಳಿಗ್ಗೆ ಮೊದಲು ಹೋದುದು ಸಾಂತಾ ಮರೀಯಾ ದೆಲ್ ಫಿಯೋರೆ ಎಂಬ ದೊಡ್ಡ ಚರ್ಚಿಗೆ. ೧೨೯೬ರಲ್ಲಿ ಇದನ್ನು ಕಟ್ಟಲಾರಂಭಿಸಿದರು. ಗೋಡೆಗಳು ಎದ್ದುವು, ಕಂಬಗಳು ನಿಂತುವು; ನೂರು ವರ್ಷಗಳು ಕಳೆದರೂ ನಡುವಣ ಎಂಟು ಮೂಲೆಯ ಬಯಲನ್ನು ಮುಚ್ಚುವ ಬಗೆ ಮಾತ್ರ ಯಾರಿಗೂ ತೋಚಲಿಲ್ಲ. ಆ ಬಯಲಿನ ಅಗಲ ಸುಮಾರು ೪೫ ಮೀಟರು. ನಮ್ಮ ವಿಜಾಪುರದ ಗೋಳಗುಮ್ಮಟದ ಒಳಅಗಲವು ಸುಮಾರು ೩೮ ಮೀಟರೆಂಬುದನ್ನು ನೆನೆದರೆ ಇದರ ಪ್ರಮಾಣವು ವಾಚಕರ ಕಣ್ಣಿಗೆ ಕಟ್ಟುವುದು. ಗುಮ್ಮಟವನ್ನು ಕಟ್ಟುವಾಗ ಅದು ಗಟ್ಟಿಯಾಗುವ ತನಕ ಕೆಳಗೆ ಮರದ ಆಧಾರವನ್ನು ನಿಲ್ಲಿಸುವುದು ಅಂದಿನ ರೂಢಿ. ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಸಾಲುವ ಮರವೆಲ್ಲಿ? ೧೪೧೮ರಲ್ಲಿ ಪಂದ್ಯವನ್ನು ಸಾರಿದಾಗ, ಅಕ್ಕಸಾಲಿಕೆಯನ್ನು ಕಲಿತಿದ್ದ ಫಿಲಿಪ್ಪೋ ಬ್ರುನೆಲ್ಲೆಸ್ಕಿಯೆಂಬವನು ಮರದ ಆಧಾರವೇ ಬೇಡವೆಂದನು. ಒಂದರೊಳಗೊಂದರಂತೆ ಎರಡು ಚಿಪ್ಪುಗಳುಳ್ಳ ಗುಮ್ಮಟವನ್ನು, ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆಯುತ್ತ, ಸುತ್ತುಸುತ್ತಾಗಿ ಮೇಲೆಬ್ಬಿಸಿದನು. ಒಂದೊಂದು ಸುತ್ತೂ ತನ್ನ ಭಾರವನ್ನು ತಾನೇ ಹೊತ್ತು ನಿಲ್ಲುವುದು. ಸಾಮಾನುಗಳನ್ನು ಮೇಲಕ್ಕೇರಿಸಲು ಎತ್ತುಗಳು ತಿರುಗಿಸುವ ಯಂತ್ರವನ್ನೂ ಅವನೇ ಕಲ್ಪಿಸಿದನು. ೧೪೨೦ರಲ್ಲಿ ಆರಂಭವಾದ ಕೆಲಸವು ೧೪೩೬ರಲ್ಲಿ ಮುಗಿಯಿತು. ಇಟ್ಟಿಗೆಯ ಗುಮ್ಮಟಗಳಲ್ಲಿ ಇದಕ್ಕಿಂತ ದೊಡ್ಡದನ್ನು ಇಂದಿನ ತನಕ ಯಾರೂ ಕಟ್ಟಿಲ್ಲ.

ಆ ಎರಡು ಚಿಪ್ಪುಗಳ ನಡುವಿನ ಇಕ್ಕಟ್ಟಿನಲ್ಲಿ ಮೆಟ್ಟಿಲುಗಳಿರುವುವು, ಒಟ್ಟು ೪೬೩. ಏರಿಳಿಯುವ ಯಂತ್ರವಿಲ್ಲ. ಗೊತ್ತಾದ ವೇಳೆಗೆ ಹತ್ತಬೇಕೆಂದು ಚೀಟಿಯನ್ನು ಮೊದಲೇ ತೆಗೆದಿಟ್ಟಿದ್ದೆವು. ಎರಡು ಚೀಟಿಗಳು! ಬಾಗಿಲಿನಲ್ಲಿ ನಿಂತು ನಾವು ಏನು ಹೇಳಬೇಕೆಂದು ತೋಚದೆ ಇದ್ದಾಗ ನಮ್ಮ ಮನೆಯವರೇ ನುಡಿದರು: “ನೀವು ಹತ್ತಿ ಬರ್ರಿ. ನಾ ಆ ಬಾಗಿಲದ ಮುಂದ ಕೂತಿರ್ತೀನಿ.” ನಾವೊಬ್ಬರೇ ಹತ್ತಿದೆವು. ಮೇಲಿನಿಂದ ಕೆಂಪು ಹೆಂಚಿನ ಮಾಡುಗಳೂ, ನದಿಯೂ, ಸುತ್ತಣ ಗುಡ್ಡಗಳೂ ಬಲು ಚೆನ್ನಾಗಿಯೇ ಕಂಡುವು. ಆದರೂ ಕಣ್ಣು ಮತ್ತೆ ಮತ್ತೆ ಕೆಳಗಿನ ಚೌಕದಲ್ಲಿ ಒಂದು ಹಸಿರು ಸೀರೆಯನ್ನು ಹುಡುಕುತ್ತಿತ್ತು.

ಅವರು ಹೇಳಿದ ಬಾಗಿಲೆಂದರೆ ಚರ್ಚಿನ ಎದುರಿಗಿರುವ ದೀಕ್ಷಾಮಂದಿರದ ಮೂಡಣ ಬಾಗಿಲು. ಲೊರೆಂಜೊ ಗಿಬೆರ್ತಿಯೆಂಬ ಇನ್ನೊಬ್ಬ ಅಕ್ಕಸಾಲಿಗನು ಇದನ್ನು ೧೪೨೫ರಿಂದ ೧೪೫೨ರ ವರೆಗೆ, ಇಪ್ಪತ್ತೇಳು ವರ್ಷ ದುಡಿದು ಮಾಡಿದನು. ಕಂಚಿನ ಹತ್ತು ಹಲಗೆಗಳಲ್ಲಿ ಕ್ರೈಸ್ತರ ಪುರಾಣಕಥೆಗಳನ್ನು ಎರಕಹೊಯ್ದು ಚಿನ್ನದ ಮುಲಾಮು ಮಾಡಿರುವನು. ೧೯೬೬ನೆಯ ನವೆಂಬರ್ ೪ರಂದು ಆರ್ನೋ ನದಿ ಉಕ್ಕಿ ಊರೊಳಗೆ ನುಗ್ಗಿದಾಗ ಇದರ ಐದು ಹಲಗೆಗಳು ಕಿತ್ತುಬಿದ್ದುವು. ಈಗ ಮೂಲದ ಹಲಗೆಗಳನ್ನು ಚರ್ಚಿನ ಹಿಂದಿರುವ ವಸ್ತುಸಂಗ್ರಹಾಲಯದಲ್ಲಿಟ್ಟು ಬಾಗಿಲಿಗೆ ಪ್ರತಿಗಳನ್ನು ಕೂಡಿಸಿದ್ದಾರೆ. ನಾವು ಏದುಸಿರು ಬಿಡುತ್ತ ಇಳಿದು ಬರುವಷ್ಟರಲ್ಲಿ ನಮ್ಮ ಮನೆಯವರು ಹತ್ತು ಹಲಗೆಗಳನ್ನೂ ಒಂದೊಂದಾಗಿ ನೋಡಿ, ನಮ್ಮ ಕೈಪುಸ್ತಕವನ್ನೂ ಅರ್ಧ ಓದಿ ಮುಗಿಸಿದ್ದರು.

ಮಧ್ಯಾಹ್ನಕ್ಕೆ ಉಫೀತ್ಸಿ ಚಿತ್ರಶಾಲೆಯೆಂದು ನಮ್ಮ ಪಟ್ಟಿಯಲ್ಲಿ ಬರೆದಿತ್ತು. ಅಲ್ಲಿಗೆ ಹೋಗಿ ನೋಡಿದರೆ ಬಾಗಿಲು ಮುಚ್ಚಿದೆ. ಸೋಮವಾರ ಚಿತ್ರಶಾಲೆಗೆ ರಜೆಯೆಂಬ ಮಾತು ಕೈಪುಸ್ತಕದಲ್ಲಿ ದಪ್ಪಕ್ಷರದಲ್ಲಿಯೇ ಅಚ್ಚಾಗಿತ್ತು. ಇಪ್ಪತ್ತೆರಡು ಸ್ಥಳಗಳನ್ನು ವೇಳೆಸಹಿತ ಬರೆದುಕೊಂಡವರು ವಾರವನ್ನು ಮಾತ್ರ ಮರೆತಿದ್ದೆವು. ಆಗ ನಮ್ಮ ಮನೆಯವರು ಮೆಲ್ಲಗೆ ಕೇಳಿದರು: “ಕೊಲ್ಲಾಪುರದ ರಾಜಾ ಇಲ್ಲೇ ತೀರಿಕೊಂಡಾನಂತಲ್ಲರೀ? ನಿಮ್ಮ ಪಟ್ಟಿಯೊಳಗ ಅದು ಯಾಕಿಲ್ಲ?”

ಕೊಲ್ಲಾಪುರದ ಮಹಾಲಕ್ಷ್ಮಿಯು ಅವರ ತವರಿನ ಮನೆದೇವರು. ಬೆಳಗಾವಿ ಧಾರವಾಡಗಳ ಕಡೆಯ ಎಷ್ಟೋ ಮನೆತನಗಳವರು ಇಂದಿಗೂ ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಉಡಿತುಂಬಿ ಬರುವರು. ಆ ಊರಿನ ದೊರೆಯಾದ ರಾಜಾರಾಮ ಮಹಾರಾಜರು ೧೮೭೦ರಲ್ಲಿ ವಿಲಾಯತಿಯನ್ನು ನೋಡಬೇಕೆಂದು ಸಮುದ್ರವನ್ನು ದಾಟಿದರು. ಆಗ ಅವರಿಗೆ ಇಪ್ಪತ್ತೇ ವರ್ಷ. ಕಂಡದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡುತ್ತಿದ್ದರು. ಆ ದಿನಚರಿಯು ೧೮೭೨ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಆದರೆ ಬರೆದವರು ಅಷ್ಟರಲ್ಲಿ ಇರಲಿಲ್ಲ. ಇಂಗ್ಲೆಂಡಿನಿಂದ ಸ್ವದೇಶಕ್ಕೆ ಹಿಂದಿರುಗುತ್ತ ಅವರು ಫ್ಲಾರೆನ್ಸಿನಲ್ಲಿ ತಂಗಿದ್ದಾಗ ಜಡ್ಡು ಬಿದ್ದು, ನವೆಂಬರ್ ೩೦ರಂದು ತೀರಿಕೊಂಡರು. ಫ್ಲಾರೆನ್ಸ್ ಆಗ ಇಟಲಿಯ ರಾಜಧಾನಿಯಾಗಿದ್ದಿತು. ಆ ದೇಶದಲ್ಲಿ ಹೆಣವನ್ನು ಸುಡುವ ರೂಢಿಯೇ ಇರಲಿಲ್ಲ. ಆದರೂ ಜೊತೆಗಿದ್ದವರ ಮಾತಿಗೆ ಅಧಿಕಾರಿಗಳು ಒಪ್ಪಿಗೆಯನ್ನಿತ್ತರು. ಎರಡು ಹೊಳೆಗಳು ಕೂಡುವ ಸ್ಥಳವು ಬೇಕೆಂದಾಗ, ಕಾಶ್ಚೀನೆ ಎಂಬ ಉದ್ಯಾನವನದ ತುದಿಯಲ್ಲಿ ಮುನ್ಯೋನೆಯೆಂಬ ಸಣ್ಣ ಹೊಳೆಯು ಆರ್ನೋ ನದಿಯನ್ನು ಸೇರುವ ದಂಡೆಯಲ್ಲಿ ಇರುಳಿನಲ್ಲಿ ಚಿತೆಯನ್ನು ಒಟ್ಟಿ, ಹಿಂದೂ ಸಂಪ್ರದಾಯದಂತೆ ದಹನವನ್ನು ನಡೆಯಿಸಿದರು. ೧೮೭೪ರಲ್ಲಿ ಅದೇ ಜಾಗದಲ್ಲಿ ಸ್ಮಾರಕವನ್ನು ನಿಲ್ಲಿಸಿದರು.

ಕಾಶ್ಚೀನೆಯು ನದಿಯ ಬಡಗಣ ದಡದಲ್ಲಿ ಸುಮಾರು ಮೂರೂವರೆ ಕಿಲೋಮೀಟರು ಉದ್ದಕ್ಕೆ ಚಾಚಿರುವ ತೋಪು. ಸ್ಮಾರಕವಿರುವುದು ಅದರ ಕಟ್ಟಕಡೆಯಲ್ಲಿ. ಟ್ಯಾಕ್ಸಿಯವನಿಗೆ ಮಹಾರಾಜರ ಹೆಸರು ತಿಳಿಯದು. ‘ಇಂಡಿಯಾನೋ’ ಎಂದೊಡನೆ ತಲೆಯಾಡಿಸಿದನು. ಊರವರಿಗೆ ಅವರು ಬರಿಯ ‘ಹಿಂದೂಸ್ಥಾನದವನು’. ಹತ್ತಿರದಲ್ಲಿ ಆರ್ನೋ ನದಿಯನ್ನು ದಾಟುವ, ೧೯೭೮ರಲ್ಲಿ ಮುಗಿದ, ಉಕ್ಕಿನ ಹಗ್ಗಗಳ ದೊಡ್ಡ ಸೇತುವೆಗೂ ಅದೇ ಹೆಸರು. ದಿನವೂ ಅದರ ಮೇಲೆ ಓಡುವ ಮೋಟಾರುಗಳವರಲ್ಲಿ ಎಷ್ಟು ಮಂದಿಗೆ ಕೊಲ್ಲಾಪುರವು ಗೊತ್ತೋ!

ಮರಗಳ ನಡುವಿನಿಂದ ಹೊರಬಿದ್ದೊಡನೆ ನಮ್ಮ ಕಡೆಯ ಛತ್ರಿಯಂಥ ಒಂದು ಮಂಟಪವು ಕಂಡಿತು. ಮೇಜರ್ ಮ್ಯಾಂಟ್ ಎಂಬವರು ಇದರ ನಕ್ಷೆಯನ್ನು ಬರೆದವರು. ಅದರಡಿಯಲ್ಲಿ ಫುಲ್ಲರ್ ಎಂಬ ಆಂಗ್ಲ ಶಿಲ್ಪಿ ಕಡೆದ ಎದೆಮಟ್ಟದ ಮೂರ್ತಿ; ಪಗಡಿ, ಹಾರಗಳು, ಬಣ್ಣ ಕೊಟ್ಟ ಮುಖ. ಮುಖವು ಬಲು ಎಳೆಯದು. ಕಾಲೇಜಿಗೆ ಹೋಗುವ ಹುಡುಗನೊಬ್ಬನನ್ನು ಮದುವೆಯ ಮೆರವಣಿಗೆಗೆ ಸಿಂಗರಿಸಿದಂತೆ ತೋರಿತು. ಪೀಠದ ಮೇಲೆ ಇಟಾಲಿಯನ್, ಇಂಗ್ಲಿಷ್ ಮೊದಲಾದ ಭಾಷೆಗಳಲ್ಲಿ ಶಾಸನವಿದೆ. ನಾವು ಅದನ್ನು ಓದುತ್ತಿರುವಾಗ ನಮ್ಮ ಮನೆಯವರು ನೀರಿನ ಅಂಚಿಗೆ ಹೋಗಿ, ಎರಡು ಹೊಳೆಗಳು ಕೂಡುವಲ್ಲಿ ನಿಂತಿದ್ದರು. ನಮಗೆ ಕೂಡಲಸಂಗಮದ ನೆನಪಾಯಿತು. ಅಲ್ಲಿಯ ನೀರಿನ ವಿಸ್ತಾರವು ಇಲ್ಲಿ ಕಾಣದು. ಮುನ್ಯೋನೆಯನ್ನು ಹಳ್ಳವೆಂದರೂ ಸಲ್ಲುವುದು.

“ಊರಿಗೆ ಸುದ್ದಿ ಹ್ಯಾಂಗ ಮುಟ್ಟಿರಬೇಕು?” ಎಂದರು.

ಅದೇ ವರ್ಷ ಜೂನ್ ತಿಂಗಳಿನಲ್ಲಿ ಸಮುದ್ರದೊಳಗಿನ ತಂತಿಯು ಇಂಗ್ಲೆಂಡಿನಿಂದ ಮುಂಬಯಿಯ ತನಕ ಪೂರ್ತಿಯಾಗಿತ್ತೆಂದೂ, ಕಾಗದವು ತಲುಪುವುದಕ್ಕೆ ವಾರಗಟ್ಟಲೆ ಮೊದಲೇ ತಂತಿಯ ಸುದ್ದಿ ಹೋಗಬಹುದಾಗಿತ್ತೆಂದೂ ನಾವು ವಿವರಿಸಲು ತೊಡಗಿದೆವು. ಸಂಕಟದ ಕಾಲದಲ್ಲಿ ಇಸವಿಗಳನ್ನು ಹೇಳುವುದು ನಮ್ಮ ಹಳೆಯ ದುರಭ್ಯಾಸ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಎರಡು ಹೊಳೀ ಕೂಡೋ ಜಾಗಾ ಬೇಕಂದ್ರ ಹುಡುಕಿ ಕೊಟ್ಟಾರ ನೋಡ್ರಿ, ಈ ಮಂದಿ” ಎಂದರು. ಕೈಚೀಲದಿಂದ ಮಹಾಲಕ್ಷ್ಮಿಯ ಕುಂಕುಮದ ಪೊಟ್ಟಣವನ್ನು ತೆಗೆದರು. ಪರರ ಊರಿನ ಕಲ್ಲಿಗೆ ಬಣ್ಣ ಹಚ್ಚಬಾರದೆಂದು ಪೀಠದ ಬುಡದ ಹುಲ್ಲಿನಲ್ಲಿ ಒಂದು ಚಿಟಿಕೆಯನ್ನಿಟ್ಟು, ಉಳಿದುದನ್ನು ಮತ್ತೆ ಮಡಚಿಟ್ಟುಕೊಂಡರು.

ಟ್ಯಾಕ್ಸಿಯನ್ನು ನಿಲ್ಲಿಸಿಕೊಳ್ಳದೆ ಕಳುಹಿಸಿದುದು ನಮ್ಮ ಇನ್ನೊಂದು ತಪ್ಪು. ಆ ತುದಿಯಲ್ಲಿ ಬೇರೆ ವಾಹನವು ಸಿಗಲಿಲ್ಲ. ಬೆಂಚು ಕಂಡಲ್ಲೆಲ್ಲ ಕುಳಿತು, ಎದ್ದು, ಮರಗಳ ನೆರಳಿನಲ್ಲಿ ಮೂರು ಕಿಲೋಮೀಟರು ನಡೆದು ಟ್ರಾಮು ಹಿಡಿಯುವಷ್ಟರಲ್ಲಿ ಕತ್ತಲಾಯಿತು. ಪಟ್ಟಿಯಲ್ಲಿ ಆ ಸಂಜೆಗೆಂದು ಬರೆದಿದ್ದ ನಾಲ್ಕು ಸ್ಥಳಗಳೂ ಹಾಗೆಯೇ ಉಳಿದುವು. ರಾತ್ರಿ ಒಂದು ಸಣ್ಣ ಊಟದ ಮನೆಯಲ್ಲಿ, ಮಾಂಸವನ್ನು ಮುಟ್ಟಿಸಬಾರದೆಂದು ಎರಡು ಸಲ ಹೇಳಿ, ‘ರಿಬೊಲ್ಲೀತಾ’ ಎಂಬುದನ್ನು ಉಂಡೆವು. ಈ ಹೆಸರಿನ ಅರ್ಥ ‘ಮತ್ತೆ ಕುದಿಸಿದ್ದು’ ಎಂದು. ಎಲೆಕೋಸು, ಅವರೆಯಂಥ ಬಿಳಿಯ ಕಾಳು, ತರಕಾರಿಗಳನ್ನು ಹಾಕಿ ಕಾಯಿಸಿದ ಸಾರಿಗೆ ಒಣಗಿದ ರೊಟ್ಟಿಯನ್ನು ಸೇರಿಸಿ, ಮರುದಿನ ಇನ್ನೊಮ್ಮೆ ಕುದಿಸುವರು. ಹಿಂದಿನ ದಿನದ ಸಾರಿನ ರುಚಿಯನ್ನು ಬಲ್ಲ ನಮ್ಮ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಆ ಸೀಮೆಯ ರೊಟ್ಟಿಗೆ ಉಪ್ಪನ್ನೇ ಹಾಕುವುದಿಲ್ಲ. ಹೋಗುವವರು ಒಂದು ಪೊಟ್ಟಣ ಚಟ್ನಿಪುಡಿಯನ್ನು ಒಯ್ಯುವುದು ಲೇಸು.

ಮಂಗಳವಾರ ಉಫೀತ್ಸಿಯ ಬಾಗಿಲು ತೆರೆದಿತ್ತು. ಅಲ್ಲಿಯ ಚಿತ್ರಗಳನ್ನೆಲ್ಲ ವರ್ಣಿಸಹೊರಟರೆ ಈ ಮಾಸಪತ್ರಿಕೆಯ ಪುಟಗಳು ಸಾಲವು. ಬೊತ್ತಿಚೆಲ್ಲಿ ಬರೆದ, ಚಿಪ್ಪಿನ ಮೇಲೆ ನಿಂತು ಕಡಲಿನಿಂದ ಬರುವ ವೀನಸ್ ದೇವಿಯ ಮುಂದೆ ನಮ್ಮ ಮನೆಯವರು ಬಹಳ ಹೊತ್ತು ನಿಂತು, “ಇಕಿನೂ ಸಮುದ್ರದಾಗಿಂದ ಬಂದಾಕೀನ” ಎಂದು ನಕ್ಕರು. ಇಷ್ಟು ಸಂಪತ್ತು ಚದರಿಹೋಗದೆ ಒಂದೇ ಊರಿನಲ್ಲಿ ಉಳಿದುದಕ್ಕೆ ಒಬ್ಬ ಹೆಂಗಸು ಕಾರಣಳು. ಫ್ಲಾರೆನ್ಸನ್ನಾಳಿದ ಮೆದಿಚಿ ಮನೆತನದ ಕೊನೆಯವಳಾದ ಆನ್ನಾ ಮರೀಯಾ ಲುಯೀಸಾ ಎಂಬವಳಿಗೆ ಮಕ್ಕಳಿರಲಿಲ್ಲ. ರಾಜ್ಯವು ಪರರಾಜರ ವಶವಾದಾಗ ೧೭೩೭ರಲ್ಲಿ ಅವರೊಡನೆ ಕರಾರು ಮಾಡಿಕೊಂಡು, ತನ್ನ ಮನೆತನದವರು ಕೂಡಿಹಾಕಿದ ಚಿತ್ರ ಶಿಲ್ಪ ಪುಸ್ತಕಗಳಲ್ಲಿ ಒಂದನ್ನೂ ಊರಿನಿಂದಾಚೆಗೆ ಒಯ್ಯಕೂಡದೆಂದು ಬರೆಯಿಸಿದಳು. ಆಕೆ ೧೭೪೩ರಲ್ಲಿ ತೀರಿಕೊಂಡಳು, ಕರಾರು ನಿಂತಿತು.

ಸಾಯಂಕಾಲ ಸಾಂತಾ ಕ್ರೋಚೆ ಚರ್ಚು. ಮೈಕೆಲ್ ಆಂಜಲೋ, ಗೆಲಿಲಿಯೋ ಮೊದಲಾದವರ ಗೋರಿಗಳಿರುವುದು ಇಲ್ಲಿಯೇ. ಅವುಗಳ ನಡುವೆ ಡಾಂಟೆ ಮಹಾಕವಿಯದೂ ಒಂದಿದೆ. ಆದರೆ ಅದರೊಳಗೆ ಡಾಂಟೆ ಇಲ್ಲ. ೧೩೦೨ರಲ್ಲಿ ಈ ಊರಿನವರು ಅವನನ್ನು ದೇಶಭ್ರಷ್ಟನನ್ನಾಗಿ ಮಾಡಿದರು. ಅವನು ೧೩೨೧ರಲ್ಲಿ ರಾವೆನ್ನಾ ಪಟ್ಟಣದಲ್ಲಿ ಮಡಿದನು. ಮುಂದೆ ಫ್ಲಾರೆನ್ಸಿನವರು ಎಷ್ಟು ಕೇಳಿಕೊಂಡರೂ ರಾವೆನ್ನಾದವರು ಅಸ್ಥಿಯನ್ನು ಬಿಟ್ಟುಕೊಡಲಿಲ್ಲ. ತಮ್ಮವನಿಗಾಗಿ ಬರಿದಾದ ಗೋರಿಯನ್ನಿಟ್ಟುಕೊಂಡಿರುವ ಈ ಊರು ಕೊಲ್ಲಾಪುರದ ಹುಡುಗನಿಗೆ ಹೊಳೆಯ ದಂಡೆಯಲ್ಲಿ ಮಂಟಪವನ್ನು ಕಾಪಾಡಿಕೊಂಡು ಬಂದಿರುವುದನ್ನು ನಾವು ಬಾಯಿಬಿಟ್ಟು ಆಡಲಿಲ್ಲ. ಆದರೆ ಇಬ್ಬರೂ ಅದನ್ನೇ ಯೋಚಿಸುತ್ತಿದ್ದೆವೆಂದು ತೋರುವುದು.

ಬುಧವಾರ ಬೆಳಿಗ್ಗೆ ರೈಲಿಗೆ ಮೊದಲು ಒಂದು ಅಂಗಡಿಯಲ್ಲಿ ನಮ್ಮ ಮನೆಯವರು ಕಾಗದದ ಎರಡು ಹಾಳೆಗಳನ್ನು ಕೊಂಡರು. ಅಂಟುನೀರಿನ ಮೇಲೆ ಬಣ್ಣಗಳನ್ನು ತೇಲಬಿಟ್ಟು, ಹಣಿಗೆಯಿಂದ ನವಿಲುಗರಿಯಂತೆ ಗೀರಿ, ಮೇಲೆ ಹಾಳೆಯನ್ನು ಹಾಸಿ ತೆಗೆಯುವ ಈ ಕೈಗೆಲಸಕ್ಕೆ ಆ ಊರು ಹೆಸರಾಗಿದೆ. ಗಾಡಿಯು ಬೊಲೊನ್ಯಾವನ್ನು ಬಿಟ್ಟ ಮೇಲೆ ಅವರು ಅದರಲ್ಲೊಂದು ಹಾಳೆಯನ್ನು ಕತ್ತರಿಸಿ, ಉಳಿದ ಕುಂಕುಮವನ್ನು ಅದರಲ್ಲಿ ಸುರುವಿ, ನಾಲ್ಕು ಮೂಲೆ ಮಡಚಿ ಪೊಟ್ಟಣ ಕಟ್ಟಿದರು. ಯಾರಿಗೆಂದು ಕೇಳಿದೆವು.

“ಅವನ ಹೊಸಾ ಮನಿಗೆ. ದೇವರ ಜಗಲಿಗೆ ಒಂದು ಮೂಲಿ ಬಿಟ್ಟಾನೋ ಇಲ್ಲೋ” ಎಂದು, ಸ್ವಲ್ಪ ತಡೆದು, “ಆ ಮನೀ ಬಾಗಿಲಾ ಯಾವ ದಿಕ್ಕಿಗೆ ಅದರೀ?” ಎಂದರು.

ನಮಗೂ ತಿಳಿದಿರಲಿಲ್ಲ. ಇಳಿದೊಡನೆ ಕೇಳೋಣವೆಂದೆವು.