ಗುಂಗುರು ಕೂದಲಿಗೂ ನೌಕರಿಗೂ ಏನು ಸಂಬಂಧ?

ಡಿಗ್ರಿಯ ಕೊನೆಯ ವರ್ಷ ಬಂತೆಂದರೆ ಮನೆಯಲ್ಲಿ ಎರಡು ಚಿಂತೆಗಳು ಒಟ್ಟಿಗೇ ಹುಟ್ಟಿಕೊಳ್ಳುತ್ತವೆ. ಒಂದು ಅಂಕಗಳದು, ಇನ್ನೊಂದು ಸಂದರ್ಶನದ್ದು. ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬೆಳಿಗ್ಗೆ ಬಸ್ಸು ಹಿಡಿದು ವಿಜಯಪುರದ ಕಾಲೇಜುಗಳಿಗೆ ಬರುವ ಮಕ್ಕಳಿಗೆ ಈ ಎರಡನೆಯದೇ ಹೆಚ್ಚು ಭಯ. ಇಂಗ್ಲಿಷ್ ಬಾಯಿಗೆ ಬರುತ್ತದೋ ಇಲ್ಲವೋ, ಯಾವ ಬಟ್ಟೆ ತೊಡಬೇಕು, ಕೈ ಎಲ್ಲಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಗಳು ಎಲ್ಲರಿಗೂ ಇದ್ದದ್ದೇ. ಹುಟ್ಟಿನಿಂದ ಗುಂಗುರು ಕೂದಲು ಬಂದವರಿಗೆ ಮಾತ್ರ ಒಂದು ಪ್ರಶ್ನೆ ಹೆಚ್ಚು: ಈ ತಲೆಗೆ ಏನು ಮಾಡುವುದು?

ಸಲಹೆ ಕೊಡುವವರಿಗೇನೂ ಬರವಿಲ್ಲ. "ತಲಿ ಏನವಾ, ಗುಬ್ಬಿ ಗೂಡ ಆದಂಗ ಆಗೇತಿ. ನೆಟ್ಟಗ ಮಾಡಿಸ್ಕೊಂಡು ಹೋಗು. ಇಲ್ಲಂದ್ರ ನೌಕರಿ ಯಾರ ಕೊಡ್ತಾರ?" ಎಂದು ಅತ್ತೆಯೋ ದೊಡ್ಡವ್ವನೋ ಹೇಳುತ್ತಾರೆ. ಅವರ ಮಾತಿನಲ್ಲಿ ಕೇಡಿಲ್ಲ, ಕಾಳಜಿಯೇ ಇದೆ. ಆದರೆ ಆ ಕಾಳಜಿಯ ಬೆನ್ನಿಗೆ ಬ್ಯೂಟಿ ಪಾರ್ಲರಿನ ಬಿಲ್ಲು ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, 'ನಾನು ಇದ್ದ ಹಾಗೆ ಇದ್ದರೆ ನೌಕರಿಗೆ ಲಾಯಕ್ಕಲ್ಲ' ಎಂಬ ಅಳುಕು ಇಪ್ಪತ್ತರ ಹರೆಯದಲ್ಲೇ ಮನಸ್ಸಿಗೆ ಇಳಿಯುತ್ತದೆ. ಹುಡುಗರೂ ಇದರಿಂದ ಹೊರತಲ್ಲ. ಗುಂಗುರು ಕೂದಲಿನ ಹುಡುಗನನ್ನು ಕಂಡರೆ 'ಶಿಸ್ತಿಲ್ಲದವ' ಎಂದು ಮೊದಲೇ ತೀರ್ಪು ಕೊಡುವವರು ಎಷ್ಟು ಜನ!

ಹಾಗಾದರೆ ಕೆಲಸ ಕೊಡುವವರು ನಮ್ಮ ಕೂದಲಿನ ಬಗ್ಗೆ ನಿಜಕ್ಕೂ ಏನು ಕೇಳಬಹುದು? ಏನು ಕೇಳಬಾರದು? ಇದನ್ನು ತಿಳಿದುಕೊಂಡರೆ ಅರ್ಧ ಭಯ ತಾನಾಗಿ ಹೋಗುತ್ತದೆ.

ಅಚ್ಚುಕಟ್ಟು ಬೇರೆ, ನೆಟ್ಟಗೆ ಬೇರೆ

ಕೆಲಸದ ಜಾಗದಲ್ಲಿ ಕೂದಲಿಗೆ ನಿಯಮ ಇರುವುದು ತಪ್ಪಲ್ಲ. ಅಡುಗೆಮನೆಯಲ್ಲಿ, ಬೇಕರಿಯಲ್ಲಿ, ಆಹಾರ ಪದಾರ್ಥ ತಯಾರಿಸುವ ಘಟಕಗಳಲ್ಲಿ ತಲೆ ಮುಚ್ಚಿಕೊಳ್ಳಬೇಕೆಂದು ಆಹಾರ ಸುರಕ್ಷತೆಯ ನಿಯಮಗಳೇ ಹೇಳುತ್ತವೆ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ನರ್ಸಮ್ಮ ಟೋಪಿ ಹಾಕಿಕೊಳ್ಳದೆ ನಿಲ್ಲುವಂತಿಲ್ಲ. ತಿರುಗುವ ಯಂತ್ರದ ಹತ್ತಿರ ಬಿಟ್ಟ ಕೂದಲು ಜೀವಕ್ಕೇ ಅಪಾಯ. ಪೊಲೀಸ್ ಮತ್ತು ಸೈನ್ಯದಲ್ಲಿ ಗಂಡಸರು ಕೂದಲು ಸಣ್ಣಗೆ ಕತ್ತರಿಸಿಕೊಳ್ಳಬೇಕು, ಹೆಂಗಸರು ಬಿಗಿಯಾಗಿ ಕಟ್ಟಿಕೊಳ್ಳಬೇಕು.

ಈ ನಿಯಮಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಕೂದಲು ಎಷ್ಟು ಉದ್ದ ಇರಬೇಕು, ಕಟ್ಟಿದೆಯೋ ಬಿಟ್ಟಿದೆಯೋ, ಮುಚ್ಚಿದೆಯೋ ಇಲ್ಲವೋ ಎಂದಷ್ಟೇ ಇವು ಕೇಳುತ್ತವೆ. ಕೂದಲು ಹುಟ್ಟುವಾಗ ಯಾವ ಆಕಾರದಲ್ಲಿ ಹುಟ್ಟಿತು ಎಂದು ಕೇಳುವುದಿಲ್ಲ. ನೆಟ್ಟಗಿನ ಕೂದಲಿನವಳಿಗೂ ಗುಂಗುರು ಕೂದಲಿನವಳಿಗೂ ಟೋಪಿ ಒಂದೇ, ತುರುಬು ಒಂದೇ. 'ಕೂದಲು ಅಚ್ಚುಕಟ್ಟಾಗಿರಲಿ' ಎನ್ನುವುದು ನಿಯಮ. 'ನಿನ್ನ ಕೂದಲು ಇನ್ನೊಬ್ಬರ ಕೂದಲಿನ ಹಾಗೆ ಇರಲಿ' ಎನ್ನುವುದು ನಿಯಮವಲ್ಲ, ಅದು ಬರೀ ಅಭಿರುಚಿ. ತೊಂದರೆ ಶುರುವಾಗುವುದು ಅಭಿರುಚಿಯೇ ನಿಯಮದ ವೇಷ ಹಾಕಿಕೊಂಡು ಬಂದಾಗ.

ಹೋಟೆಲಿನ ಸ್ವಾಗತಕಾರಿಣಿ, ವಿಮಾನದ ಸಿಬ್ಬಂದಿ, ದೊಡ್ಡ ಅಂಗಡಿಗಳ ಮಾರಾಟಗಾರ್ತಿ ಹೀಗೆ ಗಿರಾಕಿಗಳ ಎದುರು ನಿಲ್ಲುವ ಕೆಲಸಗಳಲ್ಲಿ ಇದು ಹೆಚ್ಚು. 2022ರ ನವೆಂಬರಿನಲ್ಲಿ ಏರ್ ಇಂಡಿಯಾ ತನ್ನ ವಿಮಾನ ಸಿಬ್ಬಂದಿಗೆ ಹೊರಡಿಸಿದ ನಿಯಮಗಳಲ್ಲಿ ನರೆಗೂದಲಿಗೆ ಬಣ್ಣ ಹಚ್ಚಬೇಕು, ಮುಂದಲೆ ಬೋಳಾದ ಗಂಡಸರು ತಲೆ ಪೂರ್ತಿ ಬೋಳಿಸಿಕೊಳ್ಳಬೇಕು ಎಂಬುದೂ ಸೇರಿತ್ತೆಂದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಕೂದಲಿನ ಗೋಳು ಹೆಣ್ಣುಮಕ್ಕಳಿಗಷ್ಟೇ ಸೀಮಿತವಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ನೆಟ್ಟಗೆ ಮಾಡಿಸಿದರೆ ಮುಗಿಯಿತೇ?

ಕೂದಲು ಗುಂಗುರಾಗುವುದು ತಲೆ ಬಾಚದೆ ಬಿಟ್ಟಿದ್ದಕ್ಕಲ್ಲ. ಚರ್ಮದೊಳಗೆ ಕೂದಲಿನ ಬೇರು ಕೂತಿರುವ ಚೀಲದ ಆಕಾರವೇ ಇದಕ್ಕೆ ಕಾರಣ. ಚೀಲ ನೆಟ್ಟಗಿದ್ದು ದುಂಡಗಿದ್ದರೆ ಕೂದಲು ನೆಟ್ಟಗೆ ಬರುತ್ತದೆ. ಚೀಲ ಬಾಗಿದ್ದು, ಕೂದಲಿನ ಎಳೆ ಚಪ್ಪಟೆಯಾಗಿದ್ದರೆ ಸುರುಳಿ ಸುತ್ತಿಕೊಂಡು ಬರುತ್ತದೆ. ಇದು ಅಪ್ಪ ಅವ್ವನಿಂದ ಬಂದ ಬಳುವಳಿ. ಮೂಗು, ಮೈಬಣ್ಣ, ಎತ್ತರ ಬಂದ ಹಾಗೆಯೇ.

ಬಿಸಿ ಇಸ್ತ್ರಿಯಂಥ ಸಲಕರಣೆಯಿಂದ ಕೂದಲನ್ನು ನೆಟ್ಟಗೆ ಮಾಡಿದರೆ ಅದು ಮುಂದಿನ ಸ್ನಾನದ ತನಕ ಮಾತ್ರ. ಇನ್ನೂರು ಡಿಗ್ರಿಯ ಆಸುಪಾಸಿನ ಆ ಬಿಸಿ ದಿನವೂ ತಾಗಿದರೆ ಕೂದಲು ಒಣಗಿ ತುಂಡಾಗುತ್ತದೆ. ರಾಸಾಯನಿಕ ಹಚ್ಚಿ ನೆಟ್ಟಗೆ ಮಾಡಿಸಿದರೆ ಕೂದಲಿನೊಳಗಿನ ಗಂಧಕದ ಬಂಧಗಳು ಮುರಿದು ಬೇರೆ ರೀತಿ ಕೂಡಿಕೊಳ್ಳುತ್ತವೆ. ಆದರೆ ಬೇರಿನ ಚೀಲ ಮಾತ್ರ ಬದಲಾಗುವುದಿಲ್ಲ. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಂತೆ ಹೊಸ ಕೂದಲು ಮತ್ತೆ ಗುಂಗುರಾಗಿಯೇ ಹೊರಬರುತ್ತದೆ.

ಇಲ್ಲಿ ಪಾಲಕರು ಒಂದು ಲೆಕ್ಕ ಹಾಕಬೇಕು. ಸಂದರ್ಶನ ಒಂದು ದಿನದ್ದು, ನೌಕರಿ ವರ್ಷಗಳದ್ದು. ನೆಟ್ಟಗಿನ ಕೂದಲು ತೋರಿಸಿ ಹಿಡಿದ ಕೆಲಸವನ್ನು ಉಳಿಸಿಕೊಳ್ಳಲು ಕೆಲವು ತಿಂಗಳಿಗೊಮ್ಮೆ ಮತ್ತೆ ಮತ್ತೆ ಮಾಡಿಸುತ್ತಲೇ ಇರಬೇಕು. ಹೊಸ ನೌಕರಿಯ ಸಣ್ಣ ಸಂಬಳದಲ್ಲಿ ಇದು ಸಣ್ಣ ಖರ್ಚಲ್ಲ.

ಆರೋಗ್ಯದ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ 33,497 ಮಹಿಳೆಯರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿ ನಡೆಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಕೂದಲು ನೆಟ್ಟಗೆ ಮಾಡುವ ರಾಸಾಯನಿಕಗಳನ್ನು ಎಂದೂ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇಕಡಾ 1.64 ಇದ್ದರೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ ಅದು ಶೇಕಡಾ 4.05 ಎಂದು ಅಂದಾಜಾಯಿತು. ಒಂದು ಸಲ ಪಾರ್ಲರಿಗೆ ಹೋದ ಮಾತ್ರಕ್ಕೆ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ರಾಸಾಯನಿಕವೇ ಕಾರಣವೆಂದು ಈ ಅಧ್ಯಯನವೊಂದರಿಂದ ಸಿದ್ಧವಾಗಿಯೂ ಇಲ್ಲ. ಆದರೆ ಪದೇ ಪದೇ ಮಾಡಿಸುವ ಮುನ್ನ ಎರಡು ಸಲ ಯೋಚಿಸಲು ಇಷ್ಟು ಸಾಕು.

ಈ ಊರು ಕಂಡ ಮಂತ್ರಿಗಳು

ಗುಂಗುರು ಕೂದಲು ನಮ್ಮ ನಾಡಿಗೆ ಹೊಸದಲ್ಲ. 'ಕುರುಳು' ಎಂಬ ಹಳಗನ್ನಡದ ಮಾತಿಗೆ ಸುರುಳಿಗೂದಲು ಎಂದೇ ಅರ್ಥ. ಹಣೆಯ ಮೇಲಿನ ಮುಂಗುರುಳನ್ನು ಹೊಗಳದ ಕವಿಗಳೇ ಅಪರೂಪ. ಶ್ರವಣಬೆಳಗೊಳದ ಗೊಮ್ಮಟನ ತಲೆಯ ಮೇಲೆ ಶಿಲ್ಪಿ ಕಡೆದಿರುವುದೂ ಸಣ್ಣ ಸಣ್ಣ ಗುಂಗುರುಗಳನ್ನೇ.

ವಿಜಯಪುರಕ್ಕೆ ಇದರಲ್ಲಿ ತನ್ನದೇ ಆದ ಇನ್ನೊಂದು ಕಥೆ ಇದೆ. ಆದಿಲ್‌ಶಾಹಿ ಕಾಲದಲ್ಲಿ ಅಬಿಸೀನಿಯಾ, ಅಂದರೆ ಇಂದಿನ ಇಥಿಯೋಪಿಯಾದ ಕಡೆಯಿಂದ ಬಂದ ಹಬಶಿಗಳು ಇಲ್ಲಿ ಸೈನಿಕರಾಗಿ, ಸರದಾರರಾಗಿ, ಕೊನೆಗೆ ರಾಜ್ಯದ ಸೂತ್ರ ಹಿಡಿದವರಾಗಿ ಬೆಳೆದರು. ಅವರಲ್ಲಿ ಹಲವರು ಗುಲಾಮರಾಗಿ ಮಾರಾಟವಾಗಿ ಬಂದವರು. ಎರಡನೆಯ ಇಬ್ರಾಹಿಂ ಆದಿಲ್ ಶಾ ಇನ್ನೂ ಬಾಲಕನಾಗಿದ್ದಾಗ, 1582ರಿಂದ 1590ರ ತನಕ ರಾಜ್ಯಭಾರ ನಡೆಸಿದ ದಿಲಾವರ್ ಖಾನ್ ಹಬಶಿ. ಗೋಲಗುಮ್ಮಟ ಕಟ್ಟಿಸಿದ ಮಹಮ್ಮದ್ ಆದಿಲ್ ಶಾನ ಆಸ್ಥಾನದಲ್ಲಿ ಅತ್ಯಂತ ಪ್ರಭಾವಿ ಮಂತ್ರಿಯಾಗಿದ್ದ ಇಖ್ಲಾಸ್ ಖಾನನೂ ಹಬಶಿಯೇ. ಸುಲ್ತಾನನೂ ಇಖ್ಲಾಸ್ ಖಾನನೂ ಒಂದೇ ಆನೆಯ ಮೇಲೆ ಕುಳಿತ ಆ ಕಾಲದ ವರ್ಣಚಿತ್ರ ಇಂದಿಗೂ ಉಳಿದಿದೆ. ಆಫ್ರಿಕಾದ ಮೈಬಣ್ಣ, ಆಫ್ರಿಕಾದ ಮುಖಲಕ್ಷಣ ಇದ್ದವರಿಗೆ ಈ ಊರು ನಾಲ್ಕು ನೂರು ವರ್ಷಗಳ ಹಿಂದೆಯೇ ಅತಿ ದೊಡ್ಡ ಹುದ್ದೆ ಕೊಟ್ಟಿತ್ತು.

ಅದೇ ಆಫ್ರಿಕಾ ಮೂಲದ ಸಿದ್ದಿಗಳು ಇಂದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಕಾಡಂಚಿನಲ್ಲಿ ಇದ್ದಾರೆ. ಮನೆಮಾತು ಕನ್ನಡವೋ ಕೊಂಕಣಿಯೋ ಆಗಿದ್ದರೂ ಪೇಟೆಗೆ ಬಂದರೆ ಅವರ ತಲೆಗೂದಲು ನೋಡಿ 'ನಿಮ್ಮದು ಯಾವ ದೇಶ?' ಎಂದು ಕೇಳುವವರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ, ಬೆಳಗಾವಿ ಮತ್ತು ಧಾರವಾಡದವರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು; ಓಟದ ಮೈದಾನದಿಂದ ಸರ್ಕಾರಿ ನೌಕರಿಗೆ ಹೋದವರೂ ಉಂಟು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಶಾಸನಸಭೆಯ ಮೆಟ್ಟಿಲು ಹತ್ತಲು ಅಡ್ಡಿಯಾಗದ ಕೂದಲು ಕಚೇರಿಯ ಮೇಜಿನ ಹಿಂದೆ ಕೂರಲು ಏಕೆ ಅಡ್ಡಿಯಾಗಬೇಕು?

ಕೂದಲು ಕೋರ್ಟಿಗೆ ಹೋದಾಗ

ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ತನಕ ಹೋಗಿದೆ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯ ಕಪ್ಪು ಮಹಿಳಾ ಉದ್ಯೋಗಿಯೊಬ್ಬರು ತಲೆ ತುಂಬ ಸಣ್ಣ ಹೆರಳು ಹಾಕಿಕೊಳ್ಳಲು ಅನುಮತಿ ಕೇಳಿ ಸೋತರು. ಹೆರಳು ಹೆಣೆದದ್ದು ಕೈಯಿಂದ, ಹುಟ್ಟಿನಿಂದ ಬಂದದ್ದಲ್ಲ ಎಂಬುದು ನ್ಯಾಯಾಲಯದ ತರ್ಕ. 2010ರಲ್ಲಿ ಅಲಬಾಮಾ ರಾಜ್ಯದ ಕಂಪನಿಯೊಂದು, ಜಡೆಗಟ್ಟಿದ ಕೂದಲನ್ನು ಕತ್ತರಿಸಲು ಒಪ್ಪದ ಮಹಿಳೆಗೆ ಕೊಟ್ಟ ನೌಕರಿಯನ್ನು ಹಿಂದಕ್ಕೆ ಪಡೆಯಿತು. ಕೆಲಸವೋ, ಫೋನಿನಲ್ಲಿ ಗಿರಾಕಿಗಳಿಗೆ ಉತ್ತರಿಸುವುದು! 2016ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಕಂಪನಿಯ ಪರವಾಗಿಯೇ ತೀರ್ಪು ನೀಡಿತು. ಇಂಥ ಸೋಲುಗಳಿಂದಲೇ ಹೊಸ ಕಾನೂನಿನ ಬೇಡಿಕೆ ಎದ್ದಿತು. 2019ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ 'ಕ್ರೌನ್ ಆ್ಯಕ್ಟ್' ತಂದಿತು. ಜನಾಂಗದಿಂದ ಬಂದ ಸಹಜ ಕೂದಲಿನ ಕಾರಣಕ್ಕೆ ಶಾಲೆಯಲ್ಲಾಗಲಿ ಕೆಲಸದಲ್ಲಾಗಲಿ ಭೇದ ಮಾಡಬಾರದು ಎಂಬುದು ಅದರ ಸಾರ. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಕಾನೂನು ಮಾಡಿದವು.

ನಮ್ಮಲ್ಲಿ ಅದೇ 1981ರಲ್ಲಿ ಸುಪ್ರೀಂ ಕೋರ್ಟು ಏರ್ ಇಂಡಿಯಾ ಮತ್ತು ನರ್ಗೀಶ್ ಮಿರ್ಜಾ ಪ್ರಕರಣದಲ್ಲಿ, ಗಗನಸಖಿ ಮೊದಲ ಸಲ ಗರ್ಭಿಣಿಯಾದೊಡನೆ ಕೆಲಸ ಬಿಡಬೇಕೆಂಬ ನಿಯಮವನ್ನು ಹೊಡೆದುಹಾಕಿತು. ಪ್ರಕರಣ ಕೂದಲಿನದಲ್ಲ. ಆದರೂ ಅದು ಕಲಿಸುವ ಪಾಠ ದೊಡ್ಡದು: ಕಂಪನಿ ಬರೆದಿಟ್ಟ ನಿಯಮವೆಲ್ಲ ಪ್ರಶ್ನಾತೀತವಲ್ಲ, ಅದಕ್ಕೆ ನ್ಯಾಯವಾದ ಕಾರಣ ಇರಬೇಕು. ಸಂವಿಧಾನದ 16ನೆಯ ವಿಧಿ ಸರ್ಕಾರಿ ನೌಕರಿಯಲ್ಲಿ ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಮುಂತಾದ ಕಾರಣಕ್ಕೆ ಭೇದ ಮಾಡುವುದನ್ನು ತಡೆಯುತ್ತದೆ. ಕೂದಲಿನ ಹೆಸರು ಅಲ್ಲಿಲ್ಲ. ಹೀಗಾಗಿ ಖಾಸಗಿ ನೌಕರಿಗೆ ಹೊರಟವರು ಕಾನೂನನ್ನು ನಂಬುವುದಕ್ಕಿಂತ ತಮ್ಮ ತಿಳಿವಳಿಕೆಯನ್ನು ನಂಬುವುದೇ ಜಾಣತನ.

ಸಂದರ್ಶನಕ್ಕೆ ಹೊರಡುವ ಮುನ್ನ

ಗುಂಗುರು ಕೂದಲನ್ನು ಅಚ್ಚುಕಟ್ಟಾಗಿ ಇಡುವುದಕ್ಕೆ ಬೇಕಾದದ್ದು ಸ್ವಲ್ಪ ಅಭ್ಯಾಸ. ನೆತ್ತಿಯ ಎಣ್ಣೆಯಂಶ ಸುರುಳಿಯ ಗುಂಟ ತುದಿಯವರೆಗೆ ಇಳಿಯುವುದಿಲ್ಲ. ಆದ್ದರಿಂದ ಈ ಕೂದಲು ಬೇಗ ಒಣಗುತ್ತದೆ. ನಮ್ಮ ಕಡೆಯ ಬೋರ್‌ವೆಲ್ಲಿನ ಗಡಸು ನೀರು ಅದನ್ನು ಇನ್ನಷ್ಟು ಒರಟು ಮಾಡುತ್ತದೆ. ತಲೆಸ್ನಾನದ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಸಾಧ್ಯವಾದರೆ ಕೊನೆಯ ತಂಬಿಗೆಗಳಿಗಾದರೂ ಸಿಹಿನೀರು ಬಳಸಿ. ಒಣಗಿದ ಕೂದಲನ್ನು ಸಣ್ಣ ಹಣಿಗೆಯಿಂದ ಜಗ್ಗಬೇಡಿ. ಹಸಿ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸಿ. ಟಾವೆಲ್ಲಿನಿಂದ ಉಜ್ಜುವ ಬದಲು ಹಳೆಯ ಹತ್ತಿಯ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಒಂದು ಹೆರಳು ಅಥವಾ ತುರುಬು, ಹುಡುಗರಾದರೆ ಒಳ್ಳೆಯ ಒಂದು ಕಟಿಂಗ್, ಇಷ್ಟಾದರೆ ಯಾವ ಸಂದರ್ಶನಕ್ಕೂ ಸಾಕು.

ಕೆಲಸ ಸಿಕ್ಕಮೇಲೆ ಕೂದಲಿನ ಬಗ್ಗೆ ಮಾತು ಬಂದರೆ ಸಿಟ್ಟಾಗದೆ, ನಾಚಿಕೊಳ್ಳದೆ, "ಇದು ನನ್ನ ಸಹಜ ಕೂದಲು, ಸರ್. ನಿಯಮದ ಪ್ರಕಾರ ಹೇಗೆ ಕಟ್ಟಿಕೊಳ್ಳಬೇಕು ಹೇಳಿ, ಹಾಗೇ ಕಟ್ಟಿಕೊಳ್ಳುತ್ತೇನೆ" ಎನ್ನಿ. ಬರೆದ ನಿಯಮ ಇದ್ದರೆ ಅದನ್ನು ತೋರಿಸಲು ವಿನಯದಿಂದ ಕೇಳಿ. ಕೂದಲು, ಮೈಕಟ್ಟಿನ ನೆಪದಲ್ಲಿ ಅಸಭ್ಯ ಮಾತು ಬಂದರೆ ಅದು ಬೇರೆಯೇ ವಿಷಯ. 2013ರ ಕಾನೂನಿನ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಲೈಂಗಿಕ ಧಾಟಿಯ ಮಾತುಗಳ ವಿರುದ್ಧ ಮಹಿಳೆಯರು ಅಲ್ಲಿ ದೂರು ಕೊಡಬಹುದು.

ಪಾಲಕರಿಗೊಂದು ಮಾತು

ಮಕ್ಕಳು ತಾವಾಗಿಯೇ ಇಷ್ಟಪಟ್ಟು ಕೂದಲು ನೆಟ್ಟಗೆ ಮಾಡಿಸಿಕೊಂಡರೆ ಅದು ಅವರ ಖುಷಿ, ತಕರಾರು ಬೇಡ. ಆದರೆ 'ಹೀಗಿದ್ದರೆ ನಿನಗೆ ನೌಕರಿ ಸಿಗುವುದಿಲ್ಲ' ಎಂಬ ಮಾತು ಮನೆಯಲ್ಲಿ ಮೊದಲು ಹುಟ್ಟಬಾರದು. ಹೊರಗಿನ ಜಗತ್ತು ಆ ಮಾತು ಹೇಳುತ್ತದೋ ಇಲ್ಲವೋ, ಮನೆಯಲ್ಲಿ ಕೇಳಿದ ಮಗಳು ಸಂದರ್ಶನದ ಬಾಗಿಲಲ್ಲೇ ಅರ್ಧ ಸೋತಿರುತ್ತಾಳೆ. ಉತ್ತರ ಗೊತ್ತಿದ್ದರೂ ಕೈ ಕೂದಲಿನ ಕಡೆಗೇ ಹೋಗುತ್ತದೆ.

'ಕೂದಲಿದ್ದಾಕಿ ಹೆಂಗ ತುರುಬು ಕಟ್ಟಿದರೂ ಚೆಂದ' ಎಂಬ ಗಾದೆ ನಮ್ಮಲ್ಲಿದೆ. ಪಾರ್ಲರಿಗೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಕಂಪ್ಯೂಟರ್ ತರಗತಿಗೋ ಇಂಗ್ಲಿಷ್ ಮಾತುಗಾರಿಕೆಯ ಕ್ಲಾಸಿಗೋ ಮಕ್ಕಳನ್ನು ಸೇರಿಸಿ. ಅಲ್ಲಿ ಕಲಿತದ್ದು ಮುಂದಿನ ಸ್ನಾನಕ್ಕೆ ತೊಳೆದುಹೋಗುವುದಿಲ್ಲ.