ಹಬ್ಬದ ಮೇಜಿಗೆ ನಮ್ಮ ನೆಲದ ದ್ರಾಕ್ಷಾರಸ

ಯೇಸುಸ್ವಾಮಿಯ ಮೊದಲ ಸೂಚಕಕಾರ್ಯ ನಡೆದದ್ದು ದೇವಾಲಯದಲ್ಲಲ್ಲ, ಮದುವೆಯ ಮನೆಯಲ್ಲಿ. ಕಾನಾ ಊರಿನ ಆ ಪ್ರಸಂಗವನ್ನು ವಿವಾಹದ ಬಲಿಪೂಜೆಗಳಲ್ಲಿ ನಾವು ಎಷ್ಟೋ ಬಾರಿ ಆಲಿಸಿದ್ದೇವೆ. ಮಾತೆ ಮರಿಯಮ್ಮನವರ ಬಿನ್ನಹ, ನೀರು ತುಂಬಿದ ಆರು ಕಲ್ಲಿನ ಬಾನೆಗಳು, ಸೇವಕರ ವಿಧೇಯತೆ ಇವೆಲ್ಲ ನಮ್ಮ ನೆನಪಿನಲ್ಲಿವೆ. ಆದರೆ ಔತಣದ ಮೇಲ್ವಿಚಾರಕನನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಆ ರಸ ಎಲ್ಲಿಂದ ಬಂತೆಂದು ಅವನಿಗೆ ತಿಳಿದಿರಲಿಲ್ಲ. ಆದರೂ ಒಂದು ಗುಟುಕಿನಲ್ಲೇ ಅದು ಉತ್ತಮವಾದುದೆಂದು ಗುರುತಿಸಿ ಮದುಮಗನನ್ನು ಕರೆಸಿದ. ಸವಿಯುವುದು ಎಂದರೆ ವಿವೇಚಿಸುವುದು ಎಂಬುದನ್ನು ಅವನಿಂದ ಕಲಿಯಬಹುದು.

ಕ್ರಿಸ್ತಜಯಂತಿ ಸಮೀಪಿಸಿದಂತೆ ನಮ್ಮ ಕುಟುಂಬಗಳಲ್ಲಿ ದ್ರಾಕ್ಷಾರಸದ ಮಾತು ಏಳುತ್ತದೆ. ಕೆಲವರಿಗೆ ಅದು ಪಾಪದ ವಸ್ತು. ಇನ್ನು ಕೆಲವರಿಗೆ ಅಮಲಿಗೊಂದು ನೆಪ. ಎರಡೂ ಧರ್ಮಸಭೆಯ ಬೋಧನೆಯಲ್ಲ. ಸಂತ ಥಾಮಸ್ ಅಕ್ವಿನಾಸರು ತಮ್ಮ ಮಹಾಗ್ರಂಥದಲ್ಲಿ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿದ್ದಾರೆ. ದ್ರಾಕ್ಷಾರಸ ಸ್ವತಃ ನಿಷಿದ್ಧವಲ್ಲ. ಆದರೆ ಕುಡಿಯುವವನು ಅದನ್ನು ತಾಳಲಾರದವನಾಗಿದ್ದರೆ ಅಥವಾ ಬಿಡುವೆನೆಂದು ಹರಕೆ ಹೊತ್ತಿದ್ದರೆ, ಅಳತೆ ಮೀರಿದರೆ, ಅಥವಾ ಅದರಿಂದ ಇತರರು ಎಡವಿದರೆ ಅದು ತಪ್ಪಾಗುತ್ತದೆ ಎಂಬುದು ಅವರ ವಿವೇಚನೆಯ ಸಾರ. ಯಾರು, ಎಷ್ಟು, ಯಾರ ಮುಂದೆ? ಈ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ನಾಡಿನ ದ್ರಾಕ್ಷಾರಸಗಳನ್ನು ಪರಿಚಯಿಸಿಕೊಳ್ಳೋಣ.

ಬೆಂಗಳೂರಿನ ಉತ್ತರಕ್ಕೆ, ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಳಿಗಳ ತೋಟವನ್ನು ಆರಂಭಿಸಿದರು. ಷಾಂಪೇನ್ ಪ್ರಾಂತ್ಯದ ಜಾರ್ಜ್ ವೆಸೆಲ್ ಅವರ ಮಾರ್ಗದರ್ಶನ ಅವರಿಗಿತ್ತು. 2012ರಲ್ಲಿ ನಾಸಿಕದ ಸಂಸ್ಥೆಯೊಂದರೊಡನೆ ಸೇರಿ ಅದು ‘ಗ್ರೋವರ್ ಜಂಪಾ’ ಆಯಿತು. ಉತ್ತರದಲ್ಲಿ ಕೊಪ್ಪಳ ಜಿಲ್ಲೆಯ ‘ಕೃಷ್ಮಾ’ ತೋಟವಿದೆ. ಕೃಷ್ಣಾ ಕಣಿವೆಯ ವಿಜಯಪುರವಂತೂ ದ್ರಾಕ್ಷಿಗೆ ಹೆಸರಾದ ನಾಡು. ಶೀತದೇಶಗಳ ಬಳ್ಳಿ ಚಳಿಗಾಲದಲ್ಲಿ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ರೈತರು ವರ್ಷಕ್ಕೆ ಎರಡು ಬಾರಿ ಬಳ್ಳಿ ಕತ್ತರಿಸಿ, ಒಮ್ಮೆ ಮಾತ್ರ ಫಲ ಪಡೆಯುತ್ತಾರೆ. ಫಲ ಹೆಚ್ಚಲೆಂದು ತಂದೆಯು ಕೊಂಬೆಗಳನ್ನು ಸವರುವನೆಂಬ ಪ್ರಭುವಿನ ಮಾತು ನಮ್ಮ ರೈತನಿಗೆ ಎರಡು ಪಟ್ಟು ಅರ್ಥವಾಗುತ್ತದೆ!

ಈಗ ರುಚಿಯ ವಿಷಯ. ಬಿಳಿಯ ರಸಗಳಲ್ಲಿ ನಂದಿಯ ‘ಸಾವಿನ್ಯೋನ್ ಬ್ಲಾಂಕ್’ ಅನ್ನು ಮೊದಲು ಹೆಸರಿಸುತ್ತೇನೆ. ನಿಂಬೆಯ ಹುಳಿಯನ್ನೂ ಹಸಿರು ಹುಲ್ಲಿನ ಪರಿಮಳವನ್ನೂ ನೆನಪಿಸುವ ಈ ರಸ, ರವೆ ಹಚ್ಚಿ ಹುರಿದ ಕಾಣೆ ಮೀನಿಗೆ ಚೆನ್ನಾಗಿ ಒಪ್ಪುತ್ತದೆ. ತೆಂಗಿನ ಹಾಲಿನ ಕೋಳಿಸಾರಿಗೆ ಹೂವಿನ ಕಂಪಿನ ‘ವಿಯೋನಿಯೇ’ ಹೆಚ್ಚು ಹೊಂದುತ್ತದೆ. ಕೆಂಪಿನಲ್ಲಿ ಗ್ರೋವರ್ ಅವರ ‘ಲಾ ರಿಸರ್ವ್’ ನಮ್ಮ ನಾಡಿನ ಹಳೆಯ ಹೆಸರು. ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿಗಳನ್ನು ಕೂಡಿಸಿ, ಓಕ್ ಮರದ ಪೀಪಾಯಿಯಲ್ಲಿ ಮಾಗಿಸಿದ್ದು; ಹದವಾದ ಮಸಾಲೆಯ ಹಂದಿಮಾಂಸಕ್ಕಾಗಲಿ ಹುರಿದ ಕುರಿಮಾಂಸಕ್ಕಾಗಲಿ ತಕ್ಕ ಜೊತೆ. ಹಗುರ ಕೆಂಪನ್ನು ಬಯಸುವವರು ಕೃಷ್ಮಾದ ‘ಸ್ಯಾಂಜೊವೀಸ್’ ನೋಡಬಹುದು. ಒಂದು ಎಚ್ಚರಿಕೆ: ಕೆಂಪು ರಸದ ಒಗರು ಮೆಣಸಿನಕಾಯಿಯ ಖಾರವನ್ನು ಕೆರಳಿಸುತ್ತದೆ. ಅಡುಗೆ ಖಾರವಾದಷ್ಟೂ ಬಿಳಿಯದೇ ಲೇಸು.

ಬಿಳಿಯದನ್ನು ಚೆನ್ನಾಗಿ ತಂಪು ಮಾಡಬೇಕು. ಕೆಂಪನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯೂರೋಪಿನ ತಣ್ಣನೆಯ ಕೋಣೆಗಳಿಗೆ ಸಲ್ಲುವಂಥದು. ನಮ್ಮ ಮನೆಗಳಲ್ಲಿ ಅದನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡುವುದು ಒಳಿತು. ಲೋಟವನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಮೊದಲು ಬಣ್ಣ ನೋಡಿ, ಬಳಿಕ ಪರಿಮಳ, ಕೊನೆಗೆ ಸಣ್ಣ ಗುಟುಕು. ಅವಸರದಲ್ಲಿ ನುಂಗಿದವನು ಏನನ್ನೂ ಸವಿದಿರುವುದಿಲ್ಲ. ಮಿತವೆಂಬ ಸದ್ಗುಣ ಆನಂದದ ಶತ್ರುವಲ್ಲ, ಅದರ ಕಾವಲುಗಾರ.

ನಮ್ಮ ಅಜ್ಜಿಯರು ಭರಣಿಯಲ್ಲಿ ಹಾಕುತ್ತಿದ್ದ ರಸದ ದ್ರಾಕ್ಷಿ ‘ಬೆಂಗಳೂರು ಬ್ಲೂ’. 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಪ್ಪು ದ್ರಾಕ್ಷಿ ಬೆಂಗಳೂರು ಸುತ್ತಿನ ಜಿಲ್ಲೆಗಳ ಸೊತ್ತು. ಸಕ್ಕರೆ, ಗೋಧಿ, ಲವಂಗ, ಚಕ್ಕೆ ಬೆರೆತ ಆ ಸಿಹಿರಸ ಹಬ್ಬದ ಕೇಕಿಗೂ ಕುಲ್ಕುಲಿಗೂ ಸರಿಯಾದ ಜೊತೆಯೇ. ಆದರೆ ಅದು ಬಲಿಪೀಠಕ್ಕೆ ಸಲ್ಲದು. ದ್ರಾಕ್ಷಿಯಿಂದಲೇ ಆದ, ಕೆಡದ, ಸಹಜವಾದ ರಸ ಬೇಕೆಂದು ಧರ್ಮಸಭೆಯ ಕಾನೂನಿನ 924ನೆಯ ವಿಧಿ ಹೇಳುತ್ತದೆ. 2017ರಲ್ಲಿ ವ್ಯಾಟಿಕನ್ ಧರ್ಮಾಧ್ಯಕ್ಷರಿಗೆ ಕಳುಹಿಸಿದ ಪತ್ರವೂ ಇದನ್ನೇ ನೆನಪಿಸಿತು. ಬಿಳಿಯಾಗಲಿ ಕೆಂಪಾಗಲಿ ಅಡ್ಡಿಯಿಲ್ಲ. ಬೆರಕೆ ಮಾತ್ರ ಕೂಡದು.

ಇನ್ನು ಕಠಿಣವಾದ ಮಾತು. ಆರೋಗ್ಯಕ್ಕೆ ಪೂರ್ಣ ನಿರಪಾಯವೆನ್ನಬಹುದಾದ ಮದ್ಯದ ಪ್ರಮಾಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ತಿಳಿಸಿದೆ. ಆದ್ದರಿಂದ ಔಷಧವೆಂದು ಯಾರೂ ಕುಡಿಯಬೇಕಾಗಿಲ್ಲ. ಮಕ್ಕಳಿಗೆ, ಗರ್ಭಿಣಿಯರಿಗೆ, ವಾಹನ ನಡೆಸುವವರಿಗೆ ಒಂದು ಗುಟುಕೂ ಬೇಡ. ಕುಡಿತದಿಂದ ಬೆಂದ ಮನೆಗಳು ಯಾವ ವಿಚಾರಣೆಯಲ್ಲಿಲ್ಲ? ಬಾಟಲಿಯ ಸದ್ದು ಕೇಳಿದೊಡನೆ ಮುಖ ಬಾಡಿಸುವ ಹೆಂಡತಿ, ಹಬ್ಬವೆಂದರೆ ಹೆದರುವ ಮಕ್ಕಳು ಯಾವ ಕೇರಿಯಲ್ಲಿಲ್ಲ? ಕುಡಿತ ಬಿಟ್ಟು ಪ್ರತಿದಿನವೂ ಹೋರಾಡುತ್ತಿರುವ ಸಹೋದರನಿಗೆ, ಹಬ್ಬದ ನೆಪದಲ್ಲಿ ‘ಸ್ವಲ್ಪವೇ ತಾನೇ’ ಎಂದು ಲೋಟ ನೀಡುವುದು ಔದಾರ್ಯವಲ್ಲ, ಕ್ರೌರ್ಯ. ಸಹೋದರನು ಎಡವುವುದಾದರೆ ದ್ರಾಕ್ಷಾರಸವನ್ನೇ ತೊರೆಯುವುದು ಒಳಿತೆಂದು ಸಂತ ಪೌಲರು ರೋಮನರಿಗೆ ಬರೆದರು. ಧರ್ಮಸಭೆಯೂ ಅಂಥ ಕರುಣೆಯನ್ನು ಬಲಿಪೀಠದಲ್ಲೇ ತೋರಿದೆ. ಮದ್ಯವನ್ನು ತಾಳಲಾರದ ಗುರುವು ಧರ್ಮಾಧ್ಯಕ್ಷರ ಅನುಮತಿ ಪಡೆದು, ಹುದುಗು ಪೂರ್ಣವಾಗದ ‘ಮುಸ್ತುಮ್’ ಎಂಬ ದ್ರಾಕ್ಷಿರಸದಿಂದ ಪೂಜೆ ಅರ್ಪಿಸಬಹುದು.

ಆದ್ದರಿಂದ ಪ್ರಿಯ ಕುಟುಂಬಗಳೇ, ಈ ಹಬ್ಬಕ್ಕೆ ಬಾಟಲಿ ಕೊಳ್ಳುವ ಮೊದಲು ಮೇಜಿನ ಸುತ್ತ ಯಾರು ಕೂರುವರೆಂದು ಎಣಿಸಿ ನೋಡಿ. ಎಲ್ಲರಿಗೂ ಕ್ಷೇಮವೆನಿಸಿದರೆ, ಊಟದ ನಡುವೆ ಒಂದು ಲೋಟ ಸಾಕು. ದೇವರ ಕೊಡುಗೆಗೂ ರೈತನ ದುಡಿಮೆಗೂ ವಂದಿಸಿ ಸವಿಯಿರಿ. ಒಬ್ಬರಿಗೆ ಅಪಾಯವೆನಿಸಿದರೂ, ಆ ಒಬ್ಬರನ್ನು ಬೇರೆ ಕೂರಿಸದೆ, ಎಲ್ಲರೂ ತಾಜಾ ಬೆಂಗಳೂರು ಬ್ಲೂ ಹಣ್ಣಿನ ರಸವನ್ನೇ ಕುಡಿಯಿರಿ. ಕಾನಾದಲ್ಲಿ ಸ್ವಾಮಿಯು ಉಳಿಸಿದ್ದು ಆ ಮನೆಯವರ ಮಾನವನ್ನು. ನಮ್ಮ ಮೇಜಿನಲ್ಲೂ ಯಾರೊಬ್ಬರ ಮಾನವೂ ಹೋಗದಿರಲಿ.