ಬಿಳಿ ರಕ್ತಕಣ ನಡೆಯುವುದು ಹೇಗೆ?

1937ರಲ್ಲಿ ಮ್ಯೂನಿಕ್‌ನ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್ ಒಂದೇ ಮನೆಯ ಮೂವರು ಗಂಡುಮಕ್ಕಳ ಕಾಯಿಲೆಯನ್ನು ದಾಖಲಿಸಿದರು. ಮೂವರಿಗೂ ರಕ್ತಭೇದಿ, ಮೈಮೇಲೆ ಇಸುಬು, ಬಿಟ್ಟೂಬಿಡದ ಕಿವಿ ಸೋಂಕು. ಹೆಣ್ಣುಮಕ್ಕಳು ಮಾತ್ರ ಆರೋಗ್ಯವಾಗಿದ್ದರು. 1954ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಇನ್ನೊಂದು ಕುಟುಂಬದ ತಲೆಮಾರುಗಳನ್ನು ಜಾಲಾಡಿ, ಈ ರೋಗ ತಾಯಿಯಿಂದ ಮಗನಿಗೆ ಬರುತ್ತದೆಂದು ತೋರಿಸಿದರು. ಕಾರಣವಾದ ಜೀನ್ ಸಿಕ್ಕಿದ್ದು 1994ರಲ್ಲಿ. ಅದು ತಯಾರಿಸುವ ಪ್ರೋಟೀನಿಗೆ ಆ ಇಬ್ಬರ ಹೆಸರಿನಿಂದಲೇ ‘ವಾಸ್ಪ್’ ಎಂದು ಹೆಸರಾಯಿತು.

ವಾಸ್ಪ್ ಮಾಡುವ ಕೆಲಸ ತಿಳಿಯಬೇಕಾದರೆ ಜೀವಕೋಶ ನಡೆಯುವುದನ್ನು ನೋಡಬೇಕು. 1950ರ ದಶಕದಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಡೇವಿಡ್ ರೋಜರ್ಸ್ ಸೂಕ್ಷ್ಮದರ್ಶಕದಡಿ ಚಿತ್ರಿಸಿದ ಒಂದು ತುಣುಕು ಇಂದಿಗೂ ತರಗತಿಗಳಲ್ಲಿ ಓಡುತ್ತಿದೆ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣವೊಂದು ಪುಟ್ಟ ಬ್ಯಾಕ್ಟೀರಿಯಾದ ಬೆನ್ನು ಹತ್ತಿದೆ. ಅಡ್ಡ ಬರುವ ಕೆಂಪು ಕಣಗಳನ್ನು ತಳ್ಳಿಕೊಂಡು, ಬೇಟೆ ಹೊರಳಿದತ್ತ ತಾನೂ ಹೊರಳಿ, ಕೊನೆಗೆ ನುಂಗಿಬಿಡುತ್ತದೆ. ಮಿದುಳಿಲ್ಲ, ಸ್ನಾಯುವಿಲ್ಲ. ಆದರೂ ಆ ನಡಿಗೆಯಲ್ಲಿ ಗುರಿಯಿದೆ. ಎಷ್ಟು ಸಲ ನೋಡಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಈ ಓಟದ ಬಲ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳದು. ಒಂದೊಂದರ ದಪ್ಪ ಸುಮಾರು 7 ನ್ಯಾನೊಮೀಟರ್. ಎಳೆಯ ತುದಿಗೆ ಹೊಸ ಆಕ್ಟಿನ್ ಸೇರಿದಂತೆಲ್ಲ ಕೋಶದ ಮುಂಭಾಗದ ಪೊರೆ ಹೊರಕ್ಕೆ ಉಬ್ಬುತ್ತದೆ. ಆರ್ಪ್ 2/3 ಎಂಬ ಪ್ರೋಟೀನ್ ಕೂಟ ಹಳೆಯ ಎಳೆಯ ಪಕ್ಕಕ್ಕೆ ಅಂಟಿ, ಮರದ ಟಿಸಿಲಿನಂತೆ, ಸುಮಾರು 70 ಡಿಗ್ರಿ ಕೋನದಲ್ಲಿ ಹೊಸ ಕವಲು ಚಿಗುರಿಸುತ್ತದೆ. ಕೋಫಿಲಿನ್ ಎಂಬ ಪ್ರೋಟೀನ್ ಹಳೆಯ ಎಳೆಗಳನ್ನು ಕತ್ತರಿಸುತ್ತದೆ; ಬಿಡಿಯಾದ ಆಕ್ಟಿನ್ ಮತ್ತೆ ಮುಂದಿನ ತುದಿಗೆ ಒದಗುತ್ತದೆ. ಹಿಂಭಾಗವನ್ನು ಎಳೆದುಕೊಳ್ಳುವ ಕೆಲಸ ಇನ್ನೊಂದು ಪ್ರೋಟೀನಾದ ಮಯೋಸಿನ್‌ನದು.

ಆಕ್ಟಿನ್ ಕೋಶದ ತುಂಬ ಇದೆ. ಅದು ಯಾವಾಗ, ಯಾವ ಬದಿಯಲ್ಲಿ ಬೆಳೆಯಬೇಕೆಂದು ಹೇಳುವವರು ಬೇಕು. 1992ರಲ್ಲಿ ಲಂಡನ್‌ನಲ್ಲಿ ಆ್ಯನ್ ರಿಡ್ಲಿ ಮತ್ತು ಅಲನ್ ಹಾಲ್ ಕೋಶಗಳೊಳಗೆ ಸೂಜಿಯಿಂದ ಪ್ರೋಟೀನ್ ಚುಚ್ಚಿ ನೋಡಿದರು. ರೋ ಎಂಬ ಪ್ರೋಟೀನ್ ಹೊಕ್ಕರೆ ಒಳಗೆ ಬಿಗಿಯಾದ ಎಳೆಕಟ್ಟುಗಳು ಎದ್ದವು, ರ‍್ಯಾಕ್ ಹೊಕ್ಕರೆ ಅಂಚು ನಿರಿಗೆಗಟ್ಟಿ ಅಲೆಯಾಡಿತು. ಇವುಗಳದೇ ಕುಟುಂಬದ ಸಿಡಿಸಿ-42 ವಾಸ್ಪನ್ನು ಎಬ್ಬಿಸುತ್ತದೆ. ಸುಮ್ಮನಿದ್ದಾಗ ವಾಸ್ಪ್ ತನ್ನ ಬಾಲವನ್ನು ತಾನೇ ಮಡಚಿ ಹಿಡಿದಿರುತ್ತದೆ. ಸಿಡಿಸಿ-42 ಬಂದು ಅಂಟಿದಾಗ ಮಡಿಕೆ ಬಿಚ್ಚಿ, ಆ ಬಾಲ ಆರ್ಪ್ 2/3ಯನ್ನೂ ಆಕ್ಟಿನ್‌ನನ್ನೂ ಒಂದೆಡೆ ತರುತ್ತದೆ. ಕವಲು ಅಲ್ಲೇ ಹುಟ್ಟುತ್ತದೆ.

ಬೇರೆ ಅಂಗಾಂಶಗಳಿಗೆ ವಾಸ್ಪ್‌ನ ದಾಯಾದಿ ಪ್ರೋಟೀನುಗಳಿವೆ. ವಾಸ್ಪ್ ಇರುವುದು ರಕ್ತದ ಕೋಶವಂಶದಲ್ಲಿ ಮಾತ್ರ. ಪೆಟ್ಟು ಬೀಳುವುದೂ ಅಲ್ಲಿಯೇ. ರೋಗಿಗಳ ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳಲ್ಲಿ ಆಕ್ಟಿನ್‌ಗೆ ಕೊರತೆಯಿಲ್ಲ, ಆದರೆ ಸೋಂಕಿನ ರಾಸಾಯನಿಕ ಸುಳಿವು ಬಂದತ್ತ ಮುಖ ತಿರುಗಿಸಿ ಹೊರಡಲು ಅವಕ್ಕೆ ಆಗುವುದಿಲ್ಲ.

ಅಸ್ಥಿಮಜ್ಜೆ ಕಸಿ ಇಂಥ ಮಕ್ಕಳನ್ನು ದಶಕಗಳಿಂದ ಉಳಿಸುತ್ತಿದೆ, ಹೊಂದುವ ದಾನಿ ಸಿಕ್ಕರೆ. ಸಿಗದವರಿಗಾಗಿ ಮಿಲಾನ್‌ನ ವೈದ್ಯರು ರೋಗಿಯದೇ ಕಾಂಡಕೋಶಗಳಿಗೆ ಸರಿಯಾದ ಜೀನ್ ಸೇರಿಸಿ ಮರಳಿಸಿದರು. 2013ರಲ್ಲಿ ಪ್ರಕಟವಾದ ಮೊದಲ ಮೂವರು ಮಕ್ಕಳ ವರದಿಯಲ್ಲಿ ಇಸುಬು ಮಾಯವಾಗಿತ್ತು ಅಥವಾ ತಗ್ಗಿತ್ತು, ಸೋಂಕುಗಳು ಇಳಿದಿದ್ದವು.